ಇನ್ನೂರ ಹದಿನೇಳನೇ ಬೂಷ್ಟು

ಲೋಡುಗಟ್ಟಲೆ ಕುರಿಗೊಬ್ಬರ ಕೇಳಿಕೊಂಡು ಬಂದವರನ್ನು ಚಿಕ್ಕಬೀರಯ್ಯ ಬೇಕಾದಷ್ಟು ನೋಡಿದ್ದ. ತೆಂಗಿನ ತೋಟದವರು ಬರುತ್ತಿದ್ದರು, ಹಿಪ್ಪುನೇರಳೆ ಹಾಕಿದವರು ಬರುತ್ತಿದ್ದರು, ಟ್ರಾಕ್ಟರ್ ಆಫ್ ಮಾಡದೆಯೇ ಚೌಕಾಸಿ ಮಾಡುತ್ತಿದ್ದರು. ಆದರೆ ಇಪ್ಪತ್ತೇ ಹಿಕ್ಕೆ ಸಾಕು ಅಂತ ಕೇಳಿ, ಅದನ್ನೂ ಒಂದೊಂದಾಗಿ ಚಿಮುಟದಲ್ಲಿ ಎತ್ತಿ, ಕಾಗದದ ಕವರಿಗೆ ಹಾಕಿ, ಮೇಲೆ ತಾರೀಖು ಬರೆದುಕೊಂಡ ಹೆಂಗಸನ್ನು ಐವತ್ತೆಂಟು ವರ್ಷದ ಬಾಳಿನಲ್ಲಿ ಅವನು ಅದೇ ಮೊದಲು ನೋಡಿದ್ದು.

ಆಕೆಯ ಹೆಸರು ಖುರ್ಷಿದಾ. ಚನ್ನಪಟ್ಟಣದವರು. ದೊಡ್ಡ ಓದು ಓದಿ ಡಾಕ್ಟರ್ ಅನ್ನಿಸಿಕೊಂಡಿದ್ದರು, ಆದರೆ ಸೂಜಿ ಚುಚ್ಚುವ ಡಾಕ್ಟರ್ ಅಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಹುಡುಕುವ ಒಂದು ಸಣ್ಣ ಕಂಪನಿ ಇತ್ತು, ಅದರ ಲ್ಯಾಬಿನಲ್ಲಿ ಕೆಲಸ. ಉಯ್ಯಂಬಳ್ಳಿಗೆ ಎರಡು ಮೈಲಿ ಈಚೆ, ಬೀರಯ್ಯನ ಊರಿನ ಟೀ ಅಂಗಡಿಯ ಮುಂದೆ ಜೀಪಿನಿಂದ ಇಳಿದು ಆಕೆ ಕುರಿ ಹಿಕ್ಕೆ ಬೇಕು ಅಂದಾಗ ಬೆಂಚಿನ ಮೇಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಗೊಬ್ಬರಕ್ಕೆ ಟ್ಯಾಕ್ಸ್ ಹಾಕೋಕೆ ಬಂದವ್ರೆ ಅಂತ ಒಬ್ಬ ಪಿಸುಗುಟ್ಟಿದ.

"ಎಷ್ಟು ಲೋಡು ಬೇಕವ್ವ?" ಅಂತ ಬೀರಯ್ಯ ಕೇಳಿದ.

"ಲೋಡು ಬೇಡ ಯಜಮಾನ್ರೇ. ಒಂದು ಜಾಗದ್ದು ಇಪ್ಪತ್ತು ಹಿಕ್ಕೆ. ಜಾಗ ಯಾವುದು ಅಂತ ಮಾತ್ರ ಸರಿಯಾಗಿ ಹೇಳ್ಬೇಕು."

ಬೀರಯ್ಯನಿಗೆ ನಗು ತಡೆಯಲಿಲ್ಲ. ನೂರಾ ಮೂವತ್ತು ಕುರಿಯ ಒಡೆಯ ಅವನು. ಇಪ್ಪತ್ತು ಹಿಕ್ಕೆ ಅಂದರೆ ಅವನ ಒಂದು ಬಡಕಲು ಟಗರು ಕೆಮ್ಮಿದರೆ ಬೀಳುವಷ್ಟು. ಆದರೂ ಆಕೆ ಕೇಳಿದ ರೀತಿಯಲ್ಲಿ ಒಂದು ಮರ್ಯಾದೆ ಇತ್ತು. ಮನೆಗೆ ಕರೆದುಕೊಂಡು ಹೋಗಿ ಹೆಂಡತಿ ದಾಸಮ್ಮನ ಕೈಲಿ ಮಜ್ಜಿಗೆ ಕೊಡಿಸಿದ. ಹೋಗುವಾಗ ಆಕೆ ಖಾಲಿ ಕವರುಗಳನ್ನು ಬಿಟ್ಟುಹೋದರು. ಬೇರೆ ಬೇರೆ ಜಾಗದ ಒಣಹಿಕ್ಕೆ ತುಂಬಿಸಿಡಿ, ಹದಿನೈದು ದಿನಕ್ಕೆ ಬರ್ತೀನಿ ಅಂದರು.

ಇಲ್ಲಿ ಬೀರಯ್ಯನ ಕಸುಬಿನ ವಿಷಯ ಒಂದಿಷ್ಟು ಹೇಳಲೇಬೇಕು. ಹೇಳದಿದ್ದರೆ ಅವನು ಮಾಡಿಕೊಂಡ ಎಡವಟ್ಟು ಯಾರಿಗೂ ಅರ್ಥವಾಗುವುದಿಲ್ಲ. ರಾಗಿ ಕೊಯ್ಲು ಮುಗಿದ ಮೇಲೆ ಈ ಕಡೆ ಹೊಲಕ್ಕೆ ಮಂದೆ ನಿಲ್ಲಿಸುತ್ತಾರೆ. ಸಂಜೆ ಕುರಿಯವನು ತನ್ನ ಕುರಿಗಳನ್ನೆಲ್ಲ ಒಬ್ಬನ ಹೊಲಕ್ಕೆ ಹೊಡೆದು, ಸುತ್ತ ಬಲೆ ಕಟ್ಟಿ, ಬೆಳಗಿನವರೆಗೆ ಅಲ್ಲೇ ಮಲಗಿಸುತ್ತಾನೆ. ಹಿಕ್ಕೆ, ಗಂಜಲ ಎಲ್ಲ ಹೊಲಕ್ಕೆ. ಹೊಲದವನು ಅದಕ್ಕೆ ಮೊದಲೇ ರಾಗಿ ಅಳೆದು ಕೊಟ್ಟಿರುತ್ತಾನೆ. ಇಂತಿಷ್ಟು ರಾತ್ರಿ ಅಂತ ಮಾತು. ಹೊಲದವನು ಮನೆಯಲ್ಲಿ ಮಲಗಿರುತ್ತಾನೆ, ಕಾವಲು ಕಾಯುವುದಿಲ್ಲ. ಕುರಿಯವನ ಮಾತೇ ಲೆಕ್ಕ. ಮಂದೆ ಮಾತು ತಪ್ಪಿದ ಅಂತ ಒಂದು ಸಲ ಹೆಸರು ಕೆಟ್ಟರೆ ಮುಗಿಯಿತು, ಆಮೇಲೆ ಅವನ ಕುರಿಯನ್ನು ಯಾರೂ ಕರೆಯುವುದಿಲ್ಲ. ಬೀರಯ್ಯನ ಅಪ್ಪನ ಕಾಲದಲ್ಲಿ ಪಕ್ಕದೂರಿನವನೊಬ್ಬ ಹಾಗೆ ಕೆಟ್ಟು, ಕುರಿ ಮಾರಿ, ಕಲ್ಲು ಒಡೆಯೋಕೆ ರಾಮನಗರಕ್ಕೆ ಹೋದ.

ಬೀರಯ್ಯನ ಹೆಸರು ಚೊಕ್ಕವಾಗಿತ್ತು. ಮೂವತ್ತೈದು ವರ್ಷದಲ್ಲಿ ಒಂದು ರಾತ್ರಿಯೂ ತಪ್ಪಿದ್ದಿಲ್ಲ. ಆ ವರ್ಷದ ಯುಗಾದಿ ಕಳೆದು ಒಂದು ವಾರಕ್ಕೆ ತಪ್ಪಿದ, ಒಂದೇ ರಾತ್ರಿ.

ಆ ವಾರ ಮೂರು ರಾತ್ರಿಯ ಮಂದೆ ದೊಡ್ಡಹನುಮಯ್ಯನ ಹೊಲಕ್ಕೆ ಅಂತ ಮಾತಾಗಿತ್ತು. ದೊಡ್ಡಹನುಮಯ್ಯ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದು ರಿಟೈರಾಗಿ ಊರು ಸೇರಿದವನು. ಕಂಡಕ್ಟರ್ ಕೆಲಸ ಬಿಟ್ಟರೂ ಗಂಟಲು ಅವನನ್ನು ಬಿಟ್ಟಿರಲಿಲ್ಲ, ಅವನು ಗುಟ್ಟು ಹೇಳಿದರೆ ಕೆರೆ ಏರಿಯ ಮೇಲಿನವರಿಗೂ ಕೇಳುತ್ತಿತ್ತು. ರಾಗಿ ಅಳೆದುಕೊಟ್ಟು ಅವನು ಮಾಗಡಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದ. ಎರಡು ರಾತ್ರಿ ಮಂದೆ ಅವನ ಹೊಲದಲ್ಲೇ ನಿಂತಿತು. ಮೂರನೇ ಸಂಜೆ ಅಲ್ಲಿಗೇ ಹೊಡೆದುಕೊಂಡು ಹೋಗುವಾಗ ಬದುವಿನ ಆಚೆಯ ಅಂಕಮ್ಮನ ಹೊಲ ಬೀರಯ್ಯನ ಕಣ್ಣಿಗೆ ಬಿತ್ತು.

ಅಂಕಮ್ಮ ದೊಡ್ಡಹನುಮಯ್ಯನ ತಮ್ಮನ ಹೆಂಡತಿ. ತಮ್ಮ ತೀರಿಕೊಂಡು ಒಂಬತ್ತು ವರ್ಷ. ಪಾಲಾಗುವಾಗ ಒಂದು ಹುಣಸೇಮರದ ಹಿಂದೆ ಬಿದ್ದು ಜಗಳವಾಡಿ ಎರಡು ಮನೆಯವರಿಗೂ ಮಾತು ನಿಂತಿತ್ತು. ಅಂಕಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡು ಅದು ಕ್ಯಾನ್ಸರ್ ಅಂತಾದಾಗಲೂ ಆ ಮಾತು ಶುರುವಾಗಲಿಲ್ಲ. ಆಪರೇಷನ್, ಕೀಮೋ ಆಗಿ, ಊರವರು ಕರೆಂಟು ಅನ್ನುವ ರೇಡಿಯೇಷನ್ ಕೊಡಿಸಿಕೊಳ್ಳೋಕೆ ಆಕೆ ಬೆಂಗಳೂರಿನ ಆಸ್ಪತ್ರೆ ಸೇರಿ ಆಗಲೇ ಒಂದು ತಿಂಗಳು. ಹೊಲ ವರ್ಷದಿಂದ ಬೀಳು. ತುಂಬೆ, ಗರಿಕೆ, ಎಲ್ಲೆಲ್ಲಿಯದೋ ಕಳೆ ಮೊಣಕಾಲುದ್ದ ಬೆಳೆದು ನಿಂತಿತ್ತು. ಹೋಗುವ ದಿನ ಬಸ್ ಸ್ಟಾಪಿನಲ್ಲಿ ಆಕೆ ಬೀರಯ್ಯನಿಗೆ, "ಬದುಕಿ ಬಂದ್ರೆ ಈ ಸಲ ಒಸಿ ಗೊಬ್ಬರ ಹೊಡ್ಸಿ ರಾಗಿ ಹಾಕ್ಬೇಕು ಕನಣ್ಣ" ಅಂದಿದ್ದಳು.

ಬೀರಯ್ಯ ಹಿಂದೆ ಮುಂದೆ ಯೋಚನೆ ಮಾಡಲಿಲ್ಲ. ಮಾಡಿದ್ದರೆ ಆ ಕೆಲಸ ಮಾಡುತ್ತಿರಲಿಲ್ಲ. ಬಾಯಲ್ಲಿ ಹುರ್ರ್ ಅಂತ ಸದ್ದು ಮಾಡಿ ಮಂದೆಯನ್ನು ಬದು ದಾಟಿಸಿದ. ಕುರಿಗಳು ಕಳೆ ಮೇದವು, ಅಲ್ಲೇ ಮಲಗಿದವು, ಬೆಳಿಗ್ಗೆ ಎದ್ದು ಹೋದವು.

ಅದಾದ ಮೂರ್ನಾಲ್ಕು ದಿನಕ್ಕೆ ಮಳೆ ಬಿದ್ದು, ದೊಡ್ಡಹನುಮಯ್ಯನ ಹೊಲವನ್ನು ಅವನ ಮಗ ಉತ್ತುಬಿಟ್ಟ. ಕವರಿಗೆ ತುಂಬೋಣ ಅಂದರೆ ಅಲ್ಲಿ ಹಿಕ್ಕೆ ಎಲ್ಲಿಯದು, ಎಲ್ಲ ಮಣ್ಣಿನೊಳಗೆ. ಬೀರಯ್ಯ ಅಂಕಮ್ಮನ ಹೊಲದಿಂದಲೇ ಇಪ್ಪತ್ತು ಹಿಕ್ಕೆ ಆರಿಸಿಕೊಂಡ. ಕಾಡಂಚಿನದೊಂದು, ತನ್ನ ಹಟ್ಟಿಯದೊಂದು, ಕೆರೆ ಬಯಲಿನದೊಂದು, ಇದೊಂದು, ನಾಲ್ಕು ಕವರ್ ಆಯಿತು.

ಖುರ್ಷಿದಾ ಮೇಡಂ ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಕವರಿನ ಮೇಲೆ ಜಾಗ ಬರೆದುಕೊಳ್ಳತೊಡಗಿದರು. ನಮ್ಮ ಗ್ರಹಚಾರ ನೋಡಿ, ಮಾಗಡಿಯಿಂದ ಅವತ್ತೇ ಬಂದಿಳಿದ ದೊಡ್ಡಹನುಮಯ್ಯನೂ ಅದೇ ಬೆಂಚಿನಲ್ಲಿ ಟೀ ಕುಡಿಯುತ್ತಿದ್ದ.

"ಇದು ಎಲ್ಲಿದು ಯಜಮಾನ್ರೇ?" ಅಂತ ಮೇಡಂ ನಾಲ್ಕನೇ ಕವರ್ ಎತ್ತಿದರು.

"ಅದು ಮಂದೆ ನಿಂತಿದ್ ಹೊಲದ್ದು."

"ಯಾರ ಹೊಲ?"

ಬೀರಯ್ಯ ಬಾಯಿ ತೆರೆಯುವ ಮೊದಲೇ ದೊಡ್ಡಹನುಮಯ್ಯ ಲೋಟ ಕೆಳಗಿಟ್ಟ. "ನಮ್ದೇ ಮೇಡಂ. ಮೂರು ರಾತ್ರಿ ನಿಲ್ಲಿಸಿದ್ದೀನಿ. ಅಲ್ವೇನ್ಲಾ ಬೀರ?"

"ಊಂ" ಅಂದ ಬೀರಯ್ಯ.

ಅಷ್ಟೇ. ಒಂದು ಊಂ. ಅದನ್ನು ಸುಳ್ಳು ಅನ್ನುವುದೂ ಕಷ್ಟ, ನಿಜ ಅನ್ನುವುದಂತೂ ಆಗದು. ಮೇಡಂ ಕವರಿನ ಮೇಲೆ ದೊಡ್ಡಹನುಮಯ್ಯನ ಹೊಲ ಅಂತ ಬರೆದುಕೊಂಡು ಜೀಪು ಹತ್ತಿದರು. ಇಪ್ಪತ್ತು ಹಿಕ್ಕೆಯ ಕತೆ ಇಲ್ಲಿಗೆ ಮುಗೀತು ಅಂದುಕೊಂಡು ಬೀರಯ್ಯ ಒಂದು ಬೀಡಿ ಹಚ್ಚಿದ.

ಮುಗಿಯಲಿಲ್ಲ. ಗೌರಿಹಬ್ಬದ ಹಿಂದಿನ ದಿನ ಮೇಡಂ ಜೀಪಿನಿಂದ ಇಳಿದವರು ನಗುನಗುತ್ತಾ ಇಳಿದರು. ಕೈಯಲ್ಲಿ ಮೈಸೂರ್ ಪಾಕಿನ ಡಬ್ಬ. ಟೀ ಅಂಗಡಿಯ ಮುಂದೆ ಜನ ಸೇರಿತು. ಆಕೆ ಎಲ್ಲರಿಗೂ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಹಿಕ್ಕೆಯನ್ನು ಗಾಜಿನ ತಟ್ಟೆಯಲ್ಲಿಟ್ಟು ತೇವ ಮಾಡಿ ಮುಚ್ಚಿಟ್ಟರೆ ಅದರ ಮೇಲೆ ಬೂಷ್ಟು ಬರುತ್ತದೆ. ಒಂದಲ್ಲ, ಹತ್ತಾರು ಜಾತಿ. ತಿನ್ನೋಕೆ ಇರುವುದು ಒಂದೇ ಹಿಕ್ಕೆ, ಹಾಗಾಗಿ ಒಂದು ಬೂಷ್ಟು ಇನ್ನೊಂದನ್ನು ಓಡಿಸೋಕೆ ವಿಷ ಸುರಿಸುತ್ತದೆ.

"ಪಾಲಾದ ಅಣ್ತಮ್ಮಂದಿರಂಗೆ" ಅಂತ ಹೇಳಿ ಬೀರಯ್ಯ ನಾಲಿಗೆ ಕಚ್ಚಿಕೊಂಡ. ದೊಡ್ಡಹನುಮಯ್ಯ ಕೆಮ್ಮಿದ.

"ಹಾಗೇ ಅಂದ್ಕೊಳ್ಳಿ" ಅಂತ ಮೇಡಂ ನಕ್ಕರು. "ಆ ವಿಷಗಳಲ್ಲಿ ಯಾವುದಾದ್ರೂ ಒಂದು ಕ್ಯಾನ್ಸರ್ ಜೀವಕೋಶನ ಸಾಯಿಸ್ತದಾ ಅಂತ ನೋಡೋದು ನನ್ನ ಕೆಲಸ. ಒಂದೊಂದು ಬೂಷ್ಟನ್ನೂ ಬೇರೆ ಮಾಡಿ, ಅನ್ನದ ಮೇಲೆ ಬೆಳೆಸಿ, ಅದರ ರಸ ತೆಗೆದು, ನಾವು ಬಾಟ್ಲಿಯಲ್ಲಿ ಸಾಕಿರೋ ಕ್ಯಾನ್ಸರ್ ಜೀವಕೋಶದ ಮೇಲೆ ಹಾಕ್ತೀವಿ."

"ಅಂಥಾ ದರಿದ್ರಾನ ಯಾಕವ್ವ ಸಾಕ್ತೀರಿ?" ಅಂತ ದಾಸಮ್ಮ ಕೇಳಿದಳು.

"ಸಾಯಿಸಿ ನೋಡೋಕೆ ದಾಸಮ್ಮ. ಮನುಷ್ಯರ ಮೈಯಲ್ಲಿ ಹಾಕಿ ನೋಡೋಕಾಗ್ತದಾ? ಇಲ್ಲೀವರೆಗೆ ಇನ್ನೂರ ಹದಿನಾರು ಬೂಷ್ಟು ನೋಡಿದ್ದೆ. ಏನೂ ಇಲ್ಲ. ಇನ್ನೂರ ಹದಿನೇಳನೇದು ಕ್ಯಾನ್ಸರ್ ಜೀವಕೋಶನ ಸಾಯಿಸ್ತು, ಒಳ್ಳೇ ಜೀವಕೋಶನ ಹೆಚ್ಚುಕಮ್ಮಿ ಹಾಗೇ ಬಿಡ್ತು. ಅದು ಈ ದೊಡ್ಡಹನುಮಯ್ಯನೋರ ಹೊಲದ್ದು."

ಔಷಧಿ ಆಗೋಕೆ ಇನ್ನೂ ಬಹಳ ದೂರ, ಆಗದೇನೂ ಇರಬಹುದು ಅಂತ ಆಕೆ ಮೂರು ಸಲ ಹೇಳಿದರು. ದೊಡ್ಡಹನುಮಯ್ಯನ ಕಿವಿಗೆ ಮೂರು ಸಲವೂ ಬೀಳಲಿಲ್ಲ. ಅವತ್ತಿನಿಂದ ಅವನನ್ನು ಹಿಡಿಯುವವರೇ ಇಲ್ಲ. ಹೊಲಕ್ಕೆ ಮುಳ್ಳುಬೇಲಿ ಬಂತು. ಕ್ಯಾನ್ಸರ್ ಬೂಷ್ಟಿನ ಹೊಲ, ಒಳಗೆ ಬರಬಾರದು ಅಂತ ತಗಡಿನ ಬೋರ್ಡು ಬಂತು. ಕೆಂಗಲ್ ಆಂಜನೇಯನ ಗುಡಿಗೆ ಹೋಗಿ ಹೊಲದ ಹೆಸರಿನಲ್ಲಿ ಅರ್ಚನೆ ಮಾಡಿಸಿಕೊಂಡು ಬಂದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಟಿಕೆಟ್ ಕೊಟ್ಟ ಹಾಗೆ ಈ ಸುದ್ದಿ ಕೊಟ್ಟ. ಕನಕಪುರದಿಂದ ಒಬ್ಬ ತಾಯಿಗೆ ಕಾಯಿಲೆ ಅಂತ ಟವೆಲ್ಲಿನಲ್ಲಿ ಮಣ್ಣು ಕಟ್ಟಿಕೊಂಡು ಹೋಗೋಕೇ ಬಂದುಬಿಟ್ಟ. ಸದ್ಯ ಅವತ್ತು ಮೇಡಂ ಅಲ್ಲೇ ಇದ್ದರು. ಟವೆಲ್ ಕೊಡವಿಸಿ, ಮಣ್ಣು ತಿಂದ್ರೆ ವಾಸಿಯಾಗಲ್ಲ, ತಾಯಿನ ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ಗದರಿಸಿ ಕಳಿಸಿದರು. ಬೀರಯ್ಯ ಅದನ್ನು ಬದುವಿನ ಮೇಲೆ ನಿಂತು ನೋಡಿದ. ಅವತ್ತು ತಟ್ಟೆಯ ಮುದ್ದೆ ಮುಟ್ಟದೆ ಎದ್ದುಬಿಟ್ಟ.

"ಊಂ ಅಂದ್ಬುಟ್ಟಿದ್ದೀಯ. ಅಲ್ಲ ಅನ್ನೋಕೆ ಎಷ್ಟೊತ್ತು ಬೇಕು?" ಅಂದಳು ದಾಸಮ್ಮ. ಹೆಂಡತಿಗೆ ಮಾತ್ರ ಅವನು ಎಲ್ಲ ಹೇಳಿಕೊಂಡಿದ್ದ.

"ಹನುಮಣ್ಣನ ಬಾಯಿ ನಿಂಗೊತ್ತಿಲ್ವಾ? ಮಂದೆ ಮಾತು ತಪ್ಪಿದ ಬೀರ ಅಂತ ಸಂಜೆಯೊಳ್ಗೆ ಉಯ್ಯಂಬಳ್ಳಿ ಹೋಬಳಿಗೆಲ್ಲ ಸಾರ್ಬುಡ್ತಾನೆ. ಅಮ್ಯಾಕೆ ನೂರಾ ಮೂವತ್ತು ಕುರೀನೂ ನಿನ್ ಸೀರೆ ಸೆರಗಿಗೆ ಕಟ್ಕೊ."

"ಕಟ್ಕೋತೀನಿ ಬುಡು. ಒಟ್ಗೆ ನೀನು ರಾತ್ರಿ ಹೊಳ್ಳಾಡೋದು ನಿಂತ್ರೆ ಸಾಕು ನಂಗೆ."

ಆ ವರ್ಷ ಹಾಗೇ ಕಳೆಯುತ್ತಿತ್ತೇನೋ. ಅಂಕಮ್ಮ ಬದುಕಿ ಬಂದಿದ್ದಳು. ಬೀಳುಬಿದ್ದ ಹೊಲದಲ್ಲಿ ಅರ್ಧ ಮಾತ್ರ ಹಸನು ಮಾಡಿ ರಾಗಿ, ಅವರೆ ಬೆಳೆದಿದ್ದಳು. ಸಂಕ್ರಾಂತಿಯೂ ಬಂತು. ಆದರೆ ಸಂಕ್ರಾಂತಿ ಆದ ಮೇಲೆ ಬಂದ ಮೇಡಂ ಮುಖದಲ್ಲಿ ನಗು ಇರಲಿಲ್ಲ. ಜಗಲಿಯ ಮೇಲೆ ಕೂತು ದಾಸಮ್ಮ ಕೊಟ್ಟ ಎಳ್ಳು ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

"ಇನ್ನೂರ ಹದಿನೇಳು ಕೈ ಕೊಟ್ಟುಬಿಡ್ತು ಯಜಮಾನ್ರೇ."

"ಸತ್ತೋಯ್ತಾ?"

"ಸತ್ತಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ. ಚೆನ್ನಾಗೇ ಬೆಳೀತಿದೆ. ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಬದಲಾಯಿಸಿ ಬದಲಾಯಿಸಿ ಆರು ತಿಂಗಳು ಸಾಕಿದ್ವಿ. ಈಗ ಆ ವಿಷ ಮಾಡೋದನ್ನೇ ನಿಲ್ಲಿಸಿಬಿಟ್ಟಿದೆ. ಜಗಳಕ್ಕೆ ಪಕ್ಕದಲ್ಲಿ ಯಾರೂ ಇಲ್ವಲ್ಲ."

"ಕೊಟ್ಟಿಗೇಲಿ ಕಟ್ಟಿ ಮೇಯ್ಸಿದ್ ಟಗರು ಹಂಗೇಯ" ಅಂದ ಬೀರಯ್ಯ. "ಮೈ ತುಂಬ್ಕೋತದೆ, ಗುಮ್ಮೋದು ಮರ್ತೋಯ್ತದೆ."

ಮೇಡಂ ಅವನ ಮುಖ ನೋಡಿದರು. "ಅದೇ ಆಗಿರೋದು. ಅದೇ ಜಾಗದಿಂದ ಅದರ ಜಾತಿದೇ ಹೊಸದು, ಜಗಳ ಮರೀದಿರೋದು ಸಿಗ್ಬೇಕು. ಆ ಮಣ್ಣಲ್ಲೇ ಇತ್ತೋ, ಅಲ್ಲಿ ಕುರಿ ತಿಂದ ಹುಲ್ಲಿನ ಮೇಲಿತ್ತೋ, ಎರಡೂ ಕಡೆ ಹುಡುಕ್ಬೇಕು. ಯುಗಾದಿಯೊಳಗೆ ಹೊಸ ಹಿಕ್ಕೆ ಲ್ಯಾಬ್ ಸೇರದಿದ್ರೆ ಈ ನಂಬರ್ ಮುಚ್ಚಿಬಿಡಿ ಅಂತ ಕಂಪನಿಯೋರು ಅಂದಿದ್ದಾರೆ. ನನ್ನ ಎರಡು ವರ್ಷ ಇದ್ರಲ್ಲಿದೆ."

ದೊಡ್ಡಹನುಮಯ್ಯ ಈ ಮಾತು ಕೇಳಿ ಕಚ್ಚೆ ಕಟ್ಟಿ ನಿಂತ. ಸೈನ್ಸಿಗೋಸ್ಕರ ಬೀರನ ಮಂದೆ ತನ್ನ ಹೊಲದಲ್ಲೇ ನಿಲ್ಲಬೇಕು ಅಂತ ಹಟ ಹಿಡಿದ. ಸೈನ್ಸಿಗೆ ರಾಗಿ ಅಳೆಯುವ ಪದ್ಧತಿ ಇಲ್ಲ ಅಂತಲೂ ತಾನೇ ತೀರ್ಮಾನ ಮಾಡಿದ. ಹತ್ತು ರಾತ್ರಿ ಮಂದೆ ಬಿಟ್ಟಿಯಾಗಿ ನಿಂತಿತು. ಮೇಡಂ ಬಂದು ಹಿಕ್ಕೆ ಒಯ್ದರು, ಸಿಗಲಿಲ್ಲ. ಮತ್ತೆ ಬಂದು ಮಣ್ಣು ಒಯ್ದರು, ಸಿಗಲಿಲ್ಲ. ಹೊಲ ಮಾತ್ರ ಆ ಹೋಬಳಿಯಲ್ಲೇ ಇಲ್ಲದಷ್ಟು ಗೊಬ್ಬರ ಕಂಡಿತು.

ಮೂರನೇ ಸಲ ಮೇಡಂ ಬಂದಾಗ ಯುಗಾದಿಗೆ ಹನ್ನೊಂದು ದಿನ ಉಳಿದಿತ್ತು. ಮಟಮಟ ಮಧ್ಯಾಹ್ನ. ಆಕೆ ಉತ್ತ ಹೊಲದಲ್ಲಿ ಮೊಣಕಾಲೂರಿ ಕೂತು ಚಮಚದಲ್ಲಿ ಮಣ್ಣು ಕೆದಕುತ್ತಿದ್ದರು. ದೊಡ್ಡಹನುಮಯ್ಯ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ, ನೆರಳು ಮಾತ್ರ ಅವನ ಮೇಲೇ ಬೀಳುತ್ತಿತ್ತು. ಮೇಡಂ ದುಪಟ್ಟಾ ಬೆವರಿಗೆ ಒದ್ದೆಯಾಗಿ ಮಣ್ಣು ಮೆತ್ತಿಕೊಂಡಿತ್ತು. ಸಿಗದ ಕಡೆ ಆಕೆ ಹುಡುಕುತ್ತಿದ್ದರು, ಸಿಗುವುದಿಲ್ಲ ಅಂತ ಗೊತ್ತಿದ್ದೂ ತಾನು ಬೆಟ್ಟದಂಗೆ ನಿಂತಿದ್ದೀನಲ್ಲ ಅಂತ ಬೀರಯ್ಯನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆಕೆ ಎದ್ದು, ಸೊಂಟ ಹಿಡಿದುಕೊಂಡು, "ಸಾಕು ಯಜಮಾನ್ರೇ. ಇನ್ನು ಬರಲ್ಲ ನಾನು" ಅಂದರು.

ಬೀರಯ್ಯ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ.

"ತಪ್ಪಾಯ್ತು ಕನವ್ವ. ಆ ಹಿಕ್ಕೆ ಈ ಹೊಲದ್ದಲ್ಲ."

ಮೇಡಂ ಅರ್ಥವಾಗದೆ ನೋಡಿದರು. ದೊಡ್ಡಹನುಮಯ್ಯ ಕೊಡೆ ಇಳಿಸಿದ. "ಏನ್ಲಾ ಅಂದೆ?"

"ಈ ಹೊಲದ್ದಲ್ಲ ಹನುಮಣ್ಣ. ಮೂರು ರಾತ್ರಿಗೆ ನಿನ್ ತಾವ ರಾಗಿ ಅಳಿಸ್ಕೊಂಡೆ. ಎರಡು ರಾತ್ರಿ ಇಲ್ಲಿ ನಿಲ್ಸಿದೆ. ಇನ್ನೊಂದು ರಾತ್ರಿ ಬದುವಿಂದಾಚೆ ಅಂಕಮ್ಮನ ಹೊಲದಲ್ಲಿ ನಿಲ್ಸಿದೆ. ಹಿಕ್ಕೆ ಅಲ್ಲೀದು. ಅವತ್ತು ಟೀ ಅಂಗಡೀಲಿ ನೀನು ಕೇಳ್ದಾಗ ಊಂ ಅಂದ್ಬುಟ್ಟೆ."

ಇಪ್ಪತ್ತೆಂಟು ವರ್ಷದ ಕಂಡಕ್ಟರ್ ಗಂಟಲು ತೆರೆದುಕೊಂಡಿತು. ಬೋರ್ಡು ಹಾಕ್ಸಿದ್ದೀನಲ್ಲೋ, ಬೇಲಿ ಹಾಕ್ಸಿದ್ದೀನಲ್ಲೋ, ದೇವರಿಗೆ ಅರ್ಚನೆ ಮಾಡ್ಸಿದ್ದೀನಲ್ಲೋ, ನನ್ ರಾಗಿ ತಿಂದು ಅವಳ ಹೊಲಕ್ಕೆ ಗೊಬ್ಬರ ಹಾಕ್ತೀಯಾ, ನಿನ್ ಮಂದೇನ ಇನ್ಮೇಲೆ ಯಾವನು ಕರೀತಾನೋ ನೋಡ್ತೀನಿ. ಬೀರಯ್ಯ ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡ. ಆಶ್ಚರ್ಯ ಅಂದರೆ, ಒಂದು ವರ್ಷದ ಮೇಲೆ ಅವನಿಗೆ ಮೊದಲ ಸಲ ಎದೆ ಹಗುರವಾಗಿತ್ತು. ಕುರಿ ಮಾರಿದರೆ ಎಷ್ಟು ಬಂದೀತು ಅಂತ ಒಂದು ಕಡೆ ಮನಸ್ಸು ಲೆಕ್ಕ ಹಾಕುತ್ತಿದ್ದರೂ ಹಗುರವಾಗಿತ್ತು.

ಮೇಡಂ ಬೈಯಲಿಲ್ಲ. ಬೈಯುವಷ್ಟು ಪುರುಸೊತ್ತು ಆಕೆಗೆ ಇರಲಿಲ್ಲ. "ಅಂಕಮ್ಮ ಎಲ್ಲಿದ್ದಾರೆ?" ಅಂತ ಕೇಳಿ ಚಮಚ, ಕವರು ಬಾಚಿಕೊಂಡು ಬದು ಹತ್ತಿಯೇಬಿಟ್ಟರು.

ಅಂಕಮ್ಮ ತನ್ನ ಹೊಲದ ತಲೆಯಲ್ಲಿ ಅವರೆಸೊಪ್ಪು ಕಟ್ಟುತ್ತಿದ್ದಳು. ಭಾವನ ಗಂಟಲು ಕೇಳಿ ಆಗಲೇ ಎದ್ದು ನಿಂತಿದ್ದಳು. ಕರೆಂಟಿನಿಂದ ಕಪ್ಪಾಗಿದ್ದ ಕತ್ತು, ಹೊಸದಾಗಿ ಗುಂಗುರು ಗುಂಗುರಾಗಿ ಬೆಳೆದ ಕೂದಲು, ಆದರೆ ಕಣ್ಣು ಚುರುಕಾಗಿತ್ತು. ಮೇಡಂ ಎರಡು ಮಾತಿನಲ್ಲಿ ವಿಷಯ ಹೇಳಿದರು. ದೊಡ್ಡಹನುಮಯ್ಯ ಇನ್ನೂ ಕೂಗುತ್ತಲೇ ಹಿಂದೆ ಬಂದಿದ್ದ. ಹತ್ತು ವರ್ಷದ ಮೇಲೆ ಅವನು ಆ ಬದು ದಾಟಿದ್ದು ಅವತ್ತೇ, ಅದು ಅವನಿಗೆ ಗೊತ್ತಾಗಲೂ ಇಲ್ಲ.

ಅಂಕಮ್ಮ ಬೀರಯ್ಯನನ್ನು ನೋಡಿದಳು, ಆಮೇಲೆ ಭಾವನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಮಂದೆ ನಿಲ್ಸಿದ್ದು ಬೀರಣ್ಣನಾ?" ಅಂದಳು. "ನಾನು ನೀವೇ ಅನ್ಕೊಂಡಿದ್ದೆ ಭಾವ. ಆಸ್ಪತ್ರೆಯಿಂದ ಬಂದೋಳು ಹೊಲಕ್ಕೆ ಬಂದೆ, ನೋಡ್ತೀನಿ, ನೆಲದ ತುಂಬ ಹಿಕ್ಕೆ, ಮಂದೆ ನಿಂತ ಗುರ್ತು. ಯಾರು ನಿಲ್ಸಾರು ನಂಗೆ? ರಾಗಿ ಅಳೆಯೋಕೆ ಯಾರವ್ರೆ? ಭಾವನೇ ನಿಲ್ಸವ್ರೆ, ಬಾಯಿ ಬುಟ್ಟು ಹೇಳ್ದೆ ಹೋದ್ರೂ ಮನಸ್ಸಲ್ಲಿ ಐತೆ ಅಂತ ಇಲ್ಲೇ ಕೂತು ಅತ್ತೆ ಕನಿ. ಅದ್ಕೇಯ ಈ ಸಲ ಮೊದಲ ಅವರೆಕಾಯಿ ನಿಮ್ಮನೆಗೆ ಕಳ್ಸಿದ್ದು."

ದೊಡ್ಡಹನುಮಯ್ಯನ ಬಾಯಿ ತೆರೆದೇ ಇತ್ತು, ಸದ್ದು ಮಾತ್ರ ನಿಂತಿತು. ಕಾರ್ತೀಕದಲ್ಲಿ ಒಂದು ದಿನ ಮನೆ ಬಾಗಿಲಿಗೆ ಮಂಕರಿ ಅವರೆಕಾಯಿ ಬಂದದ್ದು ಅವನಿಗೆ ನೆನಪಿತ್ತು. ಹುಣಸೇಮರದ ಜಗಳದಲ್ಲಿ ತಾನೇ ಗೆದ್ದೆ, ಕೊನೆಗೂ ಸೋತು ಬಂದಳು ಅಂತ ಆವತ್ತು ಮೀಸೆ ತಿರುವಿ ತಿಂದಿದ್ದ. ಈಗ ಅವಳು ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಹೌದು ಕಣಮ್ಮ, ನಾನೇ ಬೀರಂಗೆ ಹೇಳಿದ್ದೆ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಬೀರಯ್ಯನೂ ಇಲ್ಲ ಅನ್ನುತ್ತಿರಲಿಲ್ಲ. ಅವನು ಇನ್ನೊಂದು ಊಂ ಅನ್ನೋಕೂ ತಯಾರಾಗಿದ್ದ, ಈ ಸಲ ಖುಷಿಯಾಗಿ.

ದೊಡ್ಡಹನುಮಯ್ಯ ಕೊಡೆ ಮಡಿಸಿದ. ಮತ್ತೆ ಬಿಚ್ಚಿದ. ಮತ್ತೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ.

"ನಾನು ನಿಲ್ಸಿರ್ಲಿಲ್ಲ ಕನಮ್ಮ" ಅಂದ. ಅಷ್ಟು ಸಣ್ಣ ದನಿ ಅವನಲ್ಲಿ ಇದೆ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನಂಗೆ ಹೊಳೀಲೂ ಇಲ್ಲ. ನೀನು ಆಸ್ಪತ್ರೇಲಿದ್ದೀಯ ಅಂತ ಗೊತ್ತಿತ್ತು, ಆದ್ರೂ ಹೊಳೀಲಿಲ್ಲ."

ಮೇಡಂ ಕೈಯಲ್ಲಿದ್ದ ಕವರನ್ನೇ ನೋಡುತ್ತಾ ನಿಂತರು. ಅಂಕಮ್ಮ ಕಣ್ಣೊರೆಸಿಕೊಂಡು, "ಆಗ್ಲಿ ಬುಡಿ, ಅವರೆಕಾಯಿ ತಿಂದಾಗೈತೆ, ವಾಪಸ್ ಕೇಳೋಕಾಯ್ತದಾ?" ಅಂದಳು. ಅಂದು ಮೊದಲು ತಾನೇ ನಕ್ಕಳು.

ದೊಡ್ಡಹನುಮಯ್ಯ ಬೀರಯ್ಯನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಲೇ ಬೀರ. ಇವತ್ತಿಂದ ನಿನ್ ಮಂದೆ ಇವಳ ಹೊಲದಲ್ಲಿ ನಿಲ್ಬೇಕು. ಯುಗಾದಿ ತಂಕ. ರಾಗಿ ನಾನು ಅಳೀತೀನಿ. ಒಂದು ರಾತ್ರಿ ತಪ್ಪುದ್ರೆ ನಿನ್ ಚರ್ಮ ಸುಲೀತೀನಿ."

ಬೀರಯ್ಯ ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಂಡ. ಮಂದೆ ಮಾತು ತಪ್ಪಿದ ಕುರಿಯವನನ್ನು ಅದೇ ಹೊಲದವನು ಅದೇ ದಿನ ಮತ್ತೆ ಕರೆದದ್ದನ್ನು ಅವನು ಕೇಳಿರಲೂ ಇಲ್ಲ, ಕಂಡಿರಲೂ ಇಲ್ಲ. "ನಿಲ್ಲುಸ್ತೀನಿ ಹನುಮಣ್ಣ" ಅಂದ.

ಅಂಕಮ್ಮನ ಹೊಲದಲ್ಲಿ ಹಸನು ಮಾಡದೆ ಉಳಿದಿದ್ದ ಒಂದು ಪಟ್ಟೆ ಇತ್ತು, ಹುಣಸೇಮರದ ಕಡೆಗೆ. ತುಂಬೆ, ಗರಿಕೆ ಇನ್ನೂ ಹಾಗೇ. ಆ ಕಳೆಯನ್ನೇ ಮೇದು ಮಂದೆ ಅಲ್ಲೇ ಮಲಗಿತು. ಮೇಡಂ ಮಣ್ಣು ಒಯ್ದರು, ಹುಲ್ಲು ಒಯ್ದರು, ಯುಗಾದಿಯ ಹಿಂದಿನ ದಿನ ನಲವತ್ತು ಕವರ್ ಹಿಕ್ಕೆ ಒಯ್ದರು. ಈ ಸಲ ಜಾಗದ ಹೆಸರು ಬರೆಯುವಾಗ ಬೀರಯ್ಯ, ದೊಡ್ಡಹನುಮಯ್ಯ, ಅಂಕಮ್ಮ ಮೂವರೂ ಸುತ್ತ ನಿಂತು ನೋಡಿದರು. ದೊಡ್ಡಹನುಮಯ್ಯ ತನ್ನ ತಗಡಿನ ಬೋರ್ಡನ್ನು ಕಿತ್ತು, ಕೋಳಿಗೂಡಿಗೆ ಬಾಗಿಲು ಮಾಡಿಕೊಂಡ.

ಫೋನ್ ಬಂದದ್ದು ಎರಡು ತಿಂಗಳ ಮೇಲೆ, ಮುಂಗಾರು ಹಿಡಿದು ಊರೆಲ್ಲ ಉಳುಮೆಗೆ ಬಿದ್ದಿದ್ದಾಗ. ಬೀರಯ್ಯ ಕೆರೆ ಬಯಲಲ್ಲಿ ಕುರಿ ಮೇಯಿಸುತ್ತಿದ್ದ. "ಸಿಕ್ತು ಯಜಮಾನ್ರೇ" ಅಂತ ಮೇಡಂ ಅಂದರು. "ನಲವತ್ತರಲ್ಲಿ ಮೂರು ತಟ್ಟೇಲಿ ಬಂದಿದೆ. ಅದೇ ಜಾತಿ. ಕ್ಯಾನ್ಸರ್ ಜೀವಕೋಶದ ಮೇಲೆ ಹಾಕಿ ನೋಡಿದ್ವಿ, ಮೊದಲಿನ ಹಾಗೇ ಕೆಲಸ ಮಾಡ್ತಿದೆ. ಈ ಸಲ ಹುಷಾರಾಗಿ ಐಸಲ್ಲಿ ಇಟ್ಟಿದ್ದೀನಿ. ಆದ್ರೂ ಆ ಜಾಗ ಒಸಿ ನೋಡ್ಕೊಳ್ಳಿ, ಮತ್ತೆ ಬೇಕಾಗಬಹುದು." ಚನ್ನಪಟ್ಟಣದ ಮೇಡಂ ಬಾಯಲ್ಲಿ ಒಸಿ ಅನ್ನುವ ಹಳ್ಳಿ ಮಾತು ಬಂದದ್ದಕ್ಕೆ ಬೀರಯ್ಯನಿಗೆ ಯಾಕೋ ಬಹಳ ಸಂತೋಷವಾಯಿತು. ಕುರಿಗಳನ್ನು ಅಲ್ಲೇ ಬಿಟ್ಟು ಅಂಕಮ್ಮನ ಹೊಲಕ್ಕೆ ಓಡಿದ.

ಅಂಕಮ್ಮನ ಹೊಲದಲ್ಲಿ ಬಾಡಿಗೆ ಟ್ರಾಕ್ಟರ್ ಓಡುತ್ತಿತ್ತು. ಮಂದೆ ನಿಂತು ಗೊಬ್ಬರ ಕಂಡ ಪಟ್ಟೆ ಸೇರಿಸಿ ಈ ಸಲ ಪೂರ್ತಿ ಹೊಲಕ್ಕೆ ರಾಗಿ ಹಾಕುತ್ತೀನಿ ಅಂತ ಆಕೆ ಊರಿಗೆಲ್ಲ ಹೇಳಿದ್ದಳು. ಬಿತ್ತನೆ ರಾಗಿಯೂ ಅಷ್ಟೇ ತಂದಿಟ್ಟಿದ್ದಳು. ಬೀರಯ್ಯ ಏದುಸಿರು ಬಿಡುತ್ತಾ ಸುದ್ದಿ ಹೇಳಿದ, ಆ ಜಾಗ ನೋಡಿಕೊಳ್ಳಬೇಕಂತೆ ಅನ್ನುವುದನ್ನೂ ಹೇಳಿದ. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ನಂಗೆ ಆಯ್ತದಾ ಬೀರಣ್ಣ ಆ ಔಸ್ದಿ? ಈ ದರಿದ್ರ ತಿರುಗಿ ಬಂದ್ರೆ?"

ಸುಳ್ಳು ಹೇಳುವುದು ಈಗ ಅವನಿಂದ ಆಗುತ್ತಿರಲಿಲ್ಲ. "ಇಲ್ಲ ಕನವ್ವ. ಹತ್ತು ಹನ್ನೆರಡು ವರ್ಸ ಆಯ್ತದಂತೆ. ಆದ್ರೆ ಆಯ್ತು, ಆಗ್ದೆನೂ ಹೋಗ್ಬೋದಂತೆ."

"ಹಂಗಾದ್ರೆ ಯಾರೋ ನಂಗೆ ಗೊತ್ತಿಲ್ದೋರಿಗೆ."

"ಊಂ."

ಟ್ರಾಕ್ಟರ್ ಹೊಲದ ಆ ತುದಿಗೆ ಹೋಗಿ ತಿರುಗಿ ಹುಣಸೇಮರದ ಕಡೆಯ ಪಟ್ಟೆಗೆ ನೇಗಿಲು ಇಳಿಸುವುದರಲ್ಲಿತ್ತು. ಅಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈ ಮೇಲೆತ್ತಿ, ಟ್ರಾಕ್ಟರಿನ ಮುಂದಕ್ಕೆ ದಾಪುಗಾಲು ಹಾಕಿಕೊಂಡು ನಡೆದಳು.

"ಆ ಪಟ್ಟೆ ಬುಟ್ಬುಡಪ್ಪ" ಅಂದಳು. "ಅದು ಹಂಗೇ ಇರ್ಲಿ."